ಕೆಲಸದ ಹೊತ್ತಿನಲ್ಲಿ ಎದ್ದು ಹೋಗುವುದು ನ್ಯಾಯವೇ? ಗಾರ್ಮೆಂಟ್ಸ್‌ನಲ್ಲಿ ಟೈಮ್ ಸ್ಟಡಿ ಮಾಡಿದವನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ನಿಮ್ಮದು ಕಸ್ಟಮರ್ ಸಪೋರ್ಟ್ ತಂಡ. ಅದರಲ್ಲಿ ಮೂವರು ಹೆಚ್ಚುಕಡಿಮೆ ಗಂಟೆಗೊಮ್ಮೆ ಟೀ, ಸಿಗರೇಟು ಅಂತ ಕೆಳಗಿಳಿಯುತ್ತಾರೆ. ನೀವು ಊಟಕ್ಕೆ ಬಿಟ್ಟರೆ ಸೀಟಿನಿಂದ ಏಳುವುದಿಲ್ಲ. ಅವರು ಇಲ್ಲದಾಗ ಬರುವ ಕರೆಗಳನ್ನೂ ನೀವೇ ತೆಗೆಯುತ್ತೀರಿ. ಸಂಬಳ ಎಲ್ಲರಿಗೂ ಒಂದೇ. ಇದು ನ್ಯಾಯವೇ, ಎಚ್‌ಆರ್‌ಗೆ ದೂರು ಕೊಡಬೇಕೇ ಅಂತ ಕೇಳಿದ್ದೀರಿ.

ಅವರು ಎದ್ದು ಹೋಗುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವರ ಕರೆಗಳು ಹೇಳದೆ ಕೇಳದೆ ನಿಮ್ಮ ತಲೆಗೆ ಬರುತ್ತಿವೆಯಲ್ಲ, ತಪ್ಪಿರುವುದು ಅಲ್ಲಿ. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ದೂರು ಕೊಟ್ಟ ಮೇಲೆ ನಿಮಗೇ ಕಷ್ಟ. ಯಾಕೆ ಅಂತ ಹೇಳುತ್ತೇನೆ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಐ.ಇ., ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿದ್ದೆ. ಸ್ಟಾಪ್‌ವಾಚ್ ಹಿಡಿದು ಟೇಲರ್ ಪಕ್ಕ ನಿಂತು, ಒಂದು ಕಾಲರ್ ಕೂರಿಸಲು, ಒಂದು ಕಫ್ ಹೊಲಿಯಲು ಎಷ್ಟು ಹೊತ್ತು ಬೇಕು ಅಂತ ಅಳೆಯುವುದು ನಮ್ಮ ಕೆಲಸ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ವಿಷಯ ಅಲ್ಲಿದೆ. ಅಳೆದ ಸಮಯವನ್ನೇ ಟಾರ್ಗೆಟ್ ಮಾಡುವುದಿಲ್ಲ, ಅದಕ್ಕೆ ಮೇಲೆ ಒಂದಿಷ್ಟು ಸೇರಿಸುತ್ತಾರೆ. ನೀರು ಕುಡಿಯಲು, ಟಾಯ್ಲೆಟ್‌ಗೆ ಹೋಗಲು ಇಷ್ಟು, ದಣಿವಿಗೆ ಇಷ್ಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಪ್ರಕಟಿಸಿದ ವರ್ಕ್ ಸ್ಟಡಿ ಕೈಪಿಡಿಯಲ್ಲಿ ಉದಾಹರಣೆಗೆಂದು ಕೊಟ್ಟ ಪಟ್ಟಿ ಈ ಕಸುಬಿನವರಿಗೆಲ್ಲ ಪರಿಚಿತ: ಸ್ವಂತ ಅಗತ್ಯಗಳಿಗೆ ಗಂಡಸರಿಗೆ ಶೇ. 5, ಹೆಂಗಸರಿಗೆ ಶೇ. 7, ದಣಿವಿಗೆ ಇಬ್ಬರಿಗೂ ಕನಿಷ್ಠ ಶೇ. 4.

ಲೆಕ್ಕ ಮಾಡಿ ನೋಡಿ. ಕಾಲರ್ ಕೂರಿಸಲು ಸರಿಯಾಗಿ ಒಂದು ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಹೆಂಗಸರ ಲೆಕ್ಕದ 7 ಮತ್ತು 4 ಕೂಡಿ ಶೇ. 11 ಸೇರಿಸಿದರೆ 1.11 ನಿಮಿಷ. ಆಗ ಗಂಟೆಯ ಟಾರ್ಗೆಟ್ 60 ಪೀಸ್ ಆಗುವುದಿಲ್ಲ, 54 ಆಗುತ್ತದೆ. ಎಂಟು ಗಂಟೆಗೆ 480ರ ಜಾಗದಲ್ಲಿ 432. ನಡುವಿನ 48 ಪೀಸ್‌ನ, ಅಂದರೆ 48 ನಿಮಿಷದ ಹೊತ್ತನ್ನು ಯಾರೂ ದಯೆ ತೋರಿಸಿ ಕೊಟ್ಟದ್ದಲ್ಲ, ಕಂಪನಿಯಿಂದ ಯಾರೂ ಕದ್ದದ್ದೂ ಅಲ್ಲ. ಹೀಗೆ ಬಿಡುವೂ ಸೇರಿ ಒಂದು ಪೀಸ್‌ಗೆ ಬಂದ ಸಮಯಕ್ಕೆ ಸ್ಯಾಮ್ ಅನ್ನುತ್ತಾರೆ, ಅದನ್ನು ಇಟ್ಟುಕೊಂಡೇ ಬಯ್ಯರ್‌ಗೆ ಹೊಲಿಗೆಯ ದರ ಹೇಳುವುದು. ಅಂದರೆ ಟೇಲರ್ ಟಾಯ್ಲೆಟ್‌ಗೆ ಹೋಗಿ ಬರುವ ಹೊತ್ತಿನ ದುಡ್ಡು ಶರ್ಟಿನ ಬೆಲೆಯಲ್ಲಿ ಆಗಲೇ ಸೇರಿಯಾಗಿದೆ.

ಶಿಪ್‌ಮೆಂಟ್ ಹತ್ತಿರ ಬಂದಾಗ ಮಾತ್ರ ಬೋರ್ಡಿನ ಮೇಲೆ 54 ಅಳಿಸಿ 60 ಬರೆಯುತ್ತಾರೆ. ಕಾಗದದ ಮೇಲಿನ ಬಿಡುವು ಕಾಗದದಲ್ಲೇ ಉಳಿಯುತ್ತದೆ. ಕಾಲರ್ ಕೂರಿಸುವ ಒಬ್ಬ ಟೇಲರ್ ಎದ್ದು ಹೋದರೆ ಏನಾಗುತ್ತದೆ ಅಂತ ಲೈನ್ ಕಂಡವರಿಗೆ ಗೊತ್ತು. ಹಿಂದಿನಿಂದ ಬಂಡಲ್‌ಗಳು ಬಂದು ಟೇಬಲ್ ಮೇಲೆ ಬೀಳುತ್ತಲೇ ಇರುತ್ತವೆ, ಮುಂದಿನ ಮಷಿನ್ ಖಾಲಿ. ಸೂಪರ್‌ವೈಸರ್ ಆ ಖಾಲಿ ಮಷಿನ್ ನೋಡಿ ಕೂಗಲು ಶುರುಮಾಡುತ್ತಾರೆ. ವಾಪಸ್ ಬಂದವಳು ಊಟದ ಹೊತ್ತಿನಲ್ಲಿ ಅರ್ಧ ಹೊಲಿಗೆಗೇ ಕೊಟ್ಟು ರಾಶಿ ಕರಗಿಸುತ್ತಾಳೆ. ನಮ್ಮ ಲೈನಿನಲ್ಲಿ ಒಬ್ಬ ಅಕ್ಕ ಮನೆಯಿಂದ ಒಂದು ಲೀಟರ್ ಬಾಟಲಿ ತುಂಬಿಸಿ ತರುತ್ತಿದ್ದರು. ಸಂಜೆ ಬ್ಯಾಗಿಗೆ ಇಡುವಾಗ ಕತ್ತಿನವರೆಗೂ ನೀರು ಹಾಗೇ. ಯಾಕಕ್ಕಾ ಅಂದರೆ, ‘ಕುಡುದ್ರೆ ಏಳ್ಬೇಕಲ್ಲಪ್ಪ’ ಅಂದರು. ಉರಿಮೂತ್ರ ಅಂತ ತಿಂಗಳಿಗೊಮ್ಮೆಯಾದರೂ ಯಾರಾದರೂ ರಜೆ ಹಾಕುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾಕೆಂದರೆ ಅದಕ್ಕೆ ಪರಿಹಾರ ಇತ್ತು.

ಪರಿಹಾರ ಏನೆಂದರೆ ಫ್ಲೋಟರ್. ನಾಲ್ಕೈದು ಆಪರೇಷನ್ ಗೊತ್ತಿರುವ ಒಬ್ಬ ಟೇಲರ್‌ಗೆ ಖಾಯಂ ಮಷಿನ್ ಕೊಡದೆ, ಯಾರು ಎದ್ದರೆ ಅವರ ಜಾಗದಲ್ಲಿ ಕೂರಿಸುವುದು. ಇದನ್ನು ಮಾಡಿದ ಲೈನಿನಲ್ಲಿ ಯಾರು ಎಷ್ಟು ಸಲ ಎದ್ದರು ಅಂತ ಎಣಿಸುವ ಪ್ರಮೇಯವೇ ಬರಲಿಲ್ಲ. ಪಕ್ಕದವರ ಮುಖ ಗಂಟಿಕ್ಕುವುದೂ ನಿಂತಿತು. ಮೇಲಿನವರು ಒಬ್ಬರ ಸಂಬಳ ಹೆಚ್ಚಾಯಿತು ಅಂತ ಗೊಣಗಿದರು, ಅಷ್ಟೆ.

ಈಗ ನಿಮ್ಮ ಆಫೀಸಿಗೆ ಬರೋಣ. ಎಚ್‌ಆರ್‌ಗೆ ಹೋಗಿ ‘ಅವರು ದಿನಕ್ಕೆ ಇಷ್ಟು ನಿಮಿಷ ಹೊರಗಿರುತ್ತಾರೆ’ ಅಂದರೆ ಬರುವ ಉತ್ತರ ಒಂದೇ: ಎಲ್ಲರಿಗೂ ಕಾರ್ಡ್ ಸ್ವೈಪ್, ಎಲ್ಲರಿಗೂ ನಿಮಿಷದ ಮಿತಿ. ಸಿಗರೇಟಿನವರು ಹೇಗೋ ದಾರಿ ಹುಡುಕಿಕೊಳ್ಳುತ್ತಾರೆ. ಸಿಕ್ಕಿಹಾಕಿಕೊಳ್ಳುವವರು ಮುಟ್ಟಿನ ದಿನದಲ್ಲಿರುವ ಹುಡುಗಿ, ಶುಗರ್ ಇರುವವರು, ಶಾಲೆಯಿಂದ ಫೋನ್ ಬಂದಾಗ ಹೊರಗೆ ಹೋಗಿ ಮಾತಾಡಬೇಕಾದ ತಾಯಿ. ನಿಮಗೂ ನಾಳೆ ಅಂಥ ದಿನ ಬರಬಹುದು.

ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ, ಊಟದ ಬಿಡುವನ್ನೂ ಈ ಚಿಕ್ಕ ಬಿಡುವುಗಳನ್ನೂ ಬೆರೆಸುವವರು ಬಹಳ. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡಬೇಕು ಅಂದಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅದನ್ನು ಒಂದು ಗಂಟೆ ಮಾಡಿತು. ಅದು ಕೆಲಸದ ಗಂಟೆಗೆ ಸೇರದ ಹೊತ್ತು, ಪೂರ್ತಿ ನಿಮ್ಮದೇ. ಟೀ, ಟಾಯ್ಲೆಟ್‌ನದು ಇದರಿಂದ ಬೇರೆ, ಅದು ಕೆಲಸದ ಹೊತ್ತಿನೊಳಗೇ ಇರುವಂಥದ್ದು. ಇನ್ನು ಮನೆಯ ವಿಷಯ ಆಫೀಸಿಗೆ ತರಬಾರದು ಅನ್ನುವವರು 1961ರ ಹೆರಿಗೆ ಸೌಲಭ್ಯ ಕಾಯ್ದೆ ನೋಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು, ಮಾಮೂಲಿ ವಿಶ್ರಾಂತಿಯ ಹೊರತಾಗಿ, ಅಂತ ಅದರಲ್ಲೇ ಇತ್ತು. 2017ರ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ, ವಿಶ್ರಾಂತಿಯ ಹೊತ್ತೂ ಸೇರಿ, ಅಲ್ಲಿಗೆ ಹೋಗಿ ಬರಬಹುದು ಅಂದಿತು. ಸಿಗರೇಟಿಗಿಂತ ಇದಕ್ಕೆ ಎಷ್ಟೋ ಪಾಲು ಹೆಚ್ಚು ತೂಕ, ಒಪ್ಪುತ್ತೇನೆ. ಆದರೂ ಯಾರ ಕಾರಣ ದೊಡ್ಡದು ಅಂತ ತೂಗುವ ಅಧಿಕಾರ ಪಕ್ಕದ ಸೀಟಿನವರ ಕೈಗೆ ಬರಬಾರದು.

ಎಲ್ಲ ಬಿಡುವೂ ಸರಿ ಅಂತ ನಾನು ಹೇಳುತ್ತಿಲ್ಲ. ನಾಡಕಚೇರಿಯ ಕಿಟಕಿ ಮುಂದೆ ಬೆಳಿಗ್ಗೆಯ ಬಸ್ಸಿಗೆ ಬಂದ ಅಜ್ಜ ಪಹಣಿಗಾಗಿ ನಿಂತಿರುವಾಗ ‘ಸಾಹೇಬ್ರು ಟೀಗೆ ಹೋಗಿದ್ದಾರೆ, ಕೂತ್ಕೊಳಿ’ ಅನ್ನುವುದು ಅನ್ಯಾಯವೇ. ಟೀ ಕುಡಿಯಲಿ, ಯಾರು ಬೇಡ ಅಂದರು? ಕಿಟಕಿಗೆ ಇನ್ನೊಬ್ಬರನ್ನು ಕೂರಿಸಿ ಹೋಗಲಿ. ಆಫೀಸಿನಲ್ಲೇ ಕೂತು ಮೊಬೈಲಿನಲ್ಲಿ ಶೇರು ಕೊಳ್ಳುವವನು ಗಂಟೆಗೊಮ್ಮೆ ಕೆಳಗಿಳಿಯುವವನಿಗಿಂತ ಹೆಚ್ಚು ಹೊತ್ತು ಗೈರುಹಾಜರಾಗಿರುತ್ತಾನೆ, ಸೀಟಿನಲ್ಲಿದ್ದಾನೆ ಅಂತ ಅವನನ್ನು ಯಾರೂ ಕೇಳುವುದಿಲ್ಲ. ನಿಮ್ಮ ಸಹೋದ್ಯೋಗಿಗಳು ಮೂವರೂ ಒಟ್ಟಿಗೇ ಇಳಿಯುತ್ತಾರಾ? ಹಾಗಿದ್ದರೆ ಅದು ನಿಲ್ಲಬೇಕು.

ಆದ್ದರಿಂದ ನಿಮ್ಮ ಟೀಮ್ ಲೀಡ್ ಹತ್ತಿರ ಮೂರು ವಿಷಯ ಮಾತಾಡಿ, ಯಾರ ಹೆಸರನ್ನೂ ಎತ್ತದೆ. ಒಂದೇ ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನ ಏಳಬಾರದು. ಏಳುವವರು ಫೋನಿನಲ್ಲಿ ಬ್ರೇಕ್ ಸ್ಟೇಟಸ್ ಹಾಕಿ, ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ಹೋಗಬೇಕು. ಆ ಸರದಿಯಲ್ಲಿ ನಿಮ್ಮ ಹೆಸರೂ ಇರಬೇಕು, ನೀವೂ ಏಳಬೇಕು. ಸಿಗರೇಟು ಸೇದದಿದ್ದರೆ ಬಿಡುವು ಬೇಡ ಅಂತ ಎಲ್ಲೂ ಬರೆದಿಲ್ಲ. ಒಂದು ಸುತ್ತು ನಡೆದು ಬನ್ನಿ, ಅಮ್ಮನಿಗೆ ಫೋನ್ ಮಾಡಿ, ಸುಮ್ಮನೆ ಹೊರಗೆ ನಿಲ್ಲಿ.

ಮೊದಲ ಸಲ ಲೀಡ್ ಇದನ್ನು ಹಗುರವಾಗಿ ತಳ್ಳಿಹಾಕಬಹುದು. ಆಗ ಕಾಲ್ ಲಾಗ್ ತೆಗೆಸಿ. ಯಾರು ಎಷ್ಟು ಕರೆ ತೆಗೆದರು ಅಂತ ಒಂದು ವಾರದ್ದು ಸಾಕು. ಯಾರು ಎಷ್ಟು ಹೊತ್ತು ಕೆಳಗಿದ್ದರು ಅನ್ನುವುದನ್ನು ಆ ಕಾಗದದಲ್ಲಿ ಸೇರಿಸಬೇಡಿ. ನಿಮ್ಮ ಪಾಲಿಗೆ ಬಂದ ಹೆಚ್ಚಿನ ಕರೆಗಳ ಸಂಖ್ಯೆಯೊಂದನ್ನೇ ಇಟ್ಟು, ಇದನ್ನು ಹಂಚಿ ಕೊಡಿ ಅಂತ ಕೇಳಿ.