ಅಪಘಾತವಾದರೆ ಪರಿಹಾರ ಕಟ್ಟಬೇಕೆಂಬ ಕಾನೂನು ಇದ್ದರೆ ಸಾಲದೇ? ಸುರಕ್ಷತಾ ನಿಯಮ, ತಪಾಸಣೆ ಯಾಕೆ?

ಸಣ್ಣ ಅಪಘಾತಕ್ಕೆ ಬಹುಮಟ್ಟಿಗೆ ಸಾಕು. ಗಿರಾಕಿ ಜಾರಿ ಬಿದ್ದರೆ ದುಡ್ಡು ಕಟ್ಟಬೇಕಾದೀತೆಂಬ ಭಯಕ್ಕೇ ಅಂಗಡಿಯವರು ಒದ್ದೆ ನೆಲ ಒರೆಸುತ್ತಾರೆ. ಎಲ್ಲಿ ಜಾರುತ್ತದೆ ಅಂತ ಇನ್‌ಸ್ಪೆಕ್ಟರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು, ಅಲ್ವಾ?

ದೊಡ್ಡ ಅನಾಹುತದಲ್ಲಿ ಈ ಲೆಕ್ಕ ಕೆಡುತ್ತದೆ. 1984ರ ಭೋಪಾಲ್ ಅನಿಲ ದುರಂತ ನೋಡಿ. ಅಲ್ಲಿನ ಕಾರ್ಖಾನೆಯಲ್ಲಿ ವಿಷದ ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರವೂ ರಿಪೇರಿಗೆಂದು ಬಂದ್. ಸಾವಿರಾರು ಜನ ಸತ್ತರು. ಕಾರ್ಖಾನೆಯ ಮಾತೃ ಕಂಪನಿ ಯೂನಿಯನ್ ಕಾರ್ಬೈಡ್ 1989ರ ರಾಜಿಯಲ್ಲಿ ಕೊಟ್ಟದ್ದು 47 ಕೋಟಿ ಡಾಲರ್. ಹಾನಿಯ ಪೂರ್ತಿ ಬೆಲೆ ತನ್ನ ಮೇಲೆ ಬೀಳುವುದಿಲ್ಲ ಅಂತಾದರೆ, ಯಾವ ಕಂಪನಿಯೂ ಮುನ್ನೆಚ್ಚರಿಕೆಗೆ ಜಾಸ್ತಿ ಖರ್ಚು ಮಾಡುವುದಿಲ್ಲ. ಅಂಥ ಕಡೆ ಮೊದಲೇ ತಪಾಸಣೆ ಬೇಕು. ಸುಮ್ನೆ ಕಾಗದದ ಮೇಲಲ್ಲ. ಫ್ಯಾಕ್ಟರಿ ಕಾಯ್ದೆ ಆಗಲೂ ಇತ್ತು! 1991ರಿಂದ ಅಪಾಯಕಾರಿ ರಾಸಾಯನಿಕ ಬಳಸುವವರಿಗೆ ವಿಮೆಯೂ ಕಡ್ಡಾಯ.