ವಾಹನ ಪ್ರಶ್ನೋತ್ತರ: ಮೇಲೆತ್ತುವ ಛಾವಣಿ, ತೋಟದ ಕೆಸರು

ಪ್ರಶ್ನೆ: ಹಳೆಯ ಡೀಸೆಲ್ ವ್ಯಾನನ್ನು ಕ್ಯಾಂಪರ್ (ಒಳಗೇ ಮಲಗಬಹುದಾದ ಪ್ರವಾಸಿ ವಾಹನ) ಮಾಡಿಸುತ್ತಿದ್ದೇವೆ. ಮೇಲೆತ್ತುವ ಪಾಪ್‌-ಟಾಪ್ ಛಾವಣಿ ನಮ್ಮ ಮಳೆ ತಡೆದೀತೇ?
– ಓದುಗರು, ಸೋಮವಾರಪೇಟೆ

ಉತ್ತರ: ಮಳೆ ತಡೆಯುತ್ತದೆ, ತೇವ ತಡೆಯುವುದಿಲ್ಲ. ಎತ್ತಿದ ಛಾವಣಿಯ ಸುತ್ತ ಗೋಡೆಯಾಗುವ ಕ್ಯಾನ್ವಾಸ್ ಬಟ್ಟೆಯನ್ನು ಒದ್ದೆಯಾಗಿಯೇ ಮಡಚಿ ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ ಭಾಗಮಂಡಲದ ಕಡೆ ಅದನ್ನು ಒಣಗಿಸಲು ಬಿಸಿಲನ್ನು ಎಲ್ಲಿಂದ ತರುತ್ತೀರಿ? ಛಾವಣಿ ಎತ್ತಿ ನಿಲ್ಲಿಸುವಷ್ಟು ಎತ್ತರದ ಶೆಡ್ ಮನೆಯಲ್ಲಿದ್ದರೆ ಹಾಕಿಸಿ. ಇಲ್ಲದಿದ್ದರೆ ಫೈಬರ್‌ನ ಗಟ್ಟಿ ಎತ್ತರದ ಛಾವಣಿಯೇ ಲೇಸು.

ಹಾಕಿಸುವುದಾದರೆ ಹಳೆಯ ಛಾವಣಿಯ ತಗಡು ಕತ್ತರಿಸುವಾಗ ಎದುರಿಗಿರಿ. ವ್ಯಾನಿನ ಬಾಡಿ ಬಿಗಿಯಾಗಿರುವುದು ಅದರೊಳಗಿನ ಅಡ್ಡಪಟ್ಟಿಗಳಿಂದಲೇ. ಅವು ಹೋದ ಮೇಲೆ ಸುತ್ತ ಉಕ್ಕಿನ ಚೌಕಟ್ಟು ಕೂರಿಸಿ ಪಕ್ಕದ ಕಂಬಗಳಿಗೆ ಸೇರಿಸಬೇಕು. ತಪ್ಪಿದರೆ ಹೊಂಡದ ರಸ್ತೆಯಲ್ಲಿ ಬಾಡಿ ತಿರುಚಿ ಜಾರುಬಾಗಿಲು ಸಿಕ್ಕಿಕೊಳ್ಳುತ್ತದೆ, ಗಾಜು ಬಿರುಕು ಬಿಡುತ್ತದೆ. ಕತ್ತರಿಸಿದ ಅಂಚಿಗೆ ಎರಡು ಕೋಟ್ ಜಿಂಕ್ ಪ್ರೈಮರ್ ಬಳಿದು, ಆಮೇಲೆ ಪಾಲಿಯುರಿಥೇನ್ ಸೀಲೆಂಟ್ ಹಾಕಲಿ. ಸಿಲಿಕೋನ್ ಬೇಡ, ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ.

ಹಣ ಕೊಡುವ ಮುಂಚೆ ಛಾವಣಿ ಮುಚ್ಚಿ 20 ನಿಮಿಷ, ಎತ್ತಿ 20 ನಿಮಿಷ ಪೈಪಿನಲ್ಲಿ ನೀರು ಬಿಡಿ. ವ್ಯಾನಿನ ಮೂತಿ ಇಳಿಜಾರಿಗೆ ತಿರುಗಿಸಿ ಇನ್ನೊಮ್ಮೆ ಮಾಡಿ. ಸಮತಟ್ಟಿನಲ್ಲಿ ಸೋರದ ಛಾವಣಿಯ ಮುಂದಿನ ಅಂಚಿನ ರಬ್ಬರ್ ಅಲ್ಲಿ ಗುಟ್ಟು ಬಿಟ್ಟುಕೊಡುವುದುಂಟು. ಮೇಲೆ ಸೋಲಾರ್ ಪ್ಯಾನೆಲ್ ಬರುವುದಿದ್ದರೆ ತೂಕವನ್ನು ಮೊದಲೇ ಹೇಳಿ. ಛಾವಣಿಯನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳನ್ನು ಆ ತೂಕಕ್ಕೇ ಆರಿಸಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನದ ಮಾರ್ಪಾಡಿಗೆ ಕಟ್ಟುಪಾಡುಗಳಿವೆ. ಗರಗಸ ಹಿಡಿಯುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅನುಮತಿ ಕೇಳಿ, ವಿಮೆಯವರಿಗೂ ತಿಳಿಸಿ.

ಪ್ರಶ್ನೆ: ಕಾಫಿ ತೋಟದ ದಾರಿಗೆ ವ್ಯಾನನ್ನು ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್ ಬೇಕೆ? ವ್ಯಾನಿಗೆ ಹಿಂದಿನ ಚಕ್ರಗಳ ಎಳೆತ ಮಾತ್ರ.
– ಓದುಗರು, ವಿರಾಜಪೇಟೆ

ಉತ್ತರ: ಬೇಡ. ಗಟ್ಟಿ ಆಕ್ಸಲ್‌ನ ವ್ಯಾನಿನಲ್ಲಿ ಕಿಟ್ ಎತ್ತುವುದು ಬಾಡಿಯನ್ನು; ಕಲ್ಲಿಗೆ ತಾಗುವ ಡಿಫರೆನ್ಷಿಯಲ್ (ಆಕ್ಸಲ್‌ ನಡುವಿನ ಗೇರ್ ಗುಂಡು) ಇದ್ದಲ್ಲೇ ಇರುತ್ತದೆ. ಜೊತೆಗೆ ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಟ್ಟು ನಡುಕ, ಬ್ರೇಕ್ ಹೋಸ್ ಬಿಗಿತ, ಘಾಟಿ ತಿರುವಿನಲ್ಲಿ ಓಲಾಟ.

ಅದೇ ಹಣಕ್ಕೆ ಕಂಪನಿ ಅಳತೆಯ ಆಲ್-ಟೆರೈನ್ ಟೈರ್ ಕೊಳ್ಳಿ. ಭಾರ ಹೊರುವ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆಯಿರಬಾರದು. ಹಣ ಉಳಿದರೆ ಎಂಜಿನ್ ಅಡಿಯ ಆಯಿಲ್ ಸಂಪ್‌ಗೆ ರಕ್ಷಾ ತಗಡು, ನಿಮ್ಮ ಮಾದರಿಗೆ ಸಿಗುವುದಾದರೆ ಎರಡೂ ಹಿಂದಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫ್ ಲಾಕ್. ಕೆಸರಿನಲ್ಲಿ ಟೈರಿನ ಗಾಳಿಯನ್ನು ಕಾಲು ಭಾಗ ಇಳಿಸಿ ನಿಧಾನವಾಗಿ ಸಾಗಿ. ಡಾಂಬರು ಸಿಕ್ಕೊಡನೆ ಮತ್ತೆ ತುಂಬಿಸಲು ಪಂಪ್ ಜೊತೆಗಿರಲಿ.

ಪ್ರಶ್ನೆ: ಇದೇ ವ್ಯಾನಿನಲ್ಲಿ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಬಹುದೇ?
– ಅದೇ ಓದುಗರು

ಉತ್ತರ: ಜೀಪು ಬಾಡಿಗೆಗೆ ಹಿಡಿಯಿರಿ.