ಕರಡಿಗೆ ಬ್ಯಾಗಿನಲ್ಲಿತ್ತು

ಅವನನ್ನು ಈರಣ್ಣ ಅಂತ ಕರೆಯುತ್ತೇನೆ. ಹೆಸರು ಅದಲ್ಲ. ಕೆಲಸ, ಊರು, ಮನೆಯ ಕೆಲವು ವಿವರ ಕೂಡ ಬದಲಾಯಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ವಯಸ್ಸು 26. ರೋಣ ತಾಲ್ಲೂಕಿನ ಕಡೆಯವನು. ಹುಬ್ಬಳ್ಳಿಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಧಾರವಾಡದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಮೊದಲ ಸಲ ಬಂದದ್ದು 2023ರ ಅಕ್ಟೋಬರ್ ಕೊನೆಗೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂತ ಅರ್ಧ ಗಂಟೆ ಹೇಳಿದ. ಆಮೇಲೆ ನೆಲ ನೋಡುತ್ತಾ, "ನನಗ ಹುಡುಗ್ಯಾರ ಮ್ಯಾಲೆ ಮನಸ ಆಗಂಗಿಲ್ಲರೀ ಮೇಡಂ. ಹುಡುಗರ ಮ್ಯಾಲೆ ಆಗತೈತಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಲಿಂಗ ಕಟ್ಟಿಕೊಳ್ಳೋದು ಬಿಟ್ಟೀನ್ರಿ" ಅಂದ.

ಮೊದಲನೇ ಮಾತನ್ನು ಹಿಡಿದುಕೊಂಡೆ, ಎರಡನೆಯದನ್ನು ಬಿಟ್ಟುಬಿಟ್ಟೆ. "ದೇವರ ವಿಷಯ ಆಮೇಲೆ ನೋಡೋಣ, ಮೊದಲು ನಿದ್ದೆ ಸರಿಮಾಡೋಣ" ಅಂದೆ. ಮೂರು ವಾರ ಅವನ ಪತ್ತೆಯೇ ಇಲ್ಲ. ತಪ್ಪು ನನ್ನದೇ. ಇಂಥ ಹುಡುಗರು ಬಂದರೆ ಧರ್ಮ ಅವರಿಗೆ ಭಾರ, ಅದನ್ನು ಇಳಿಸಿದರೆ ಹಗುರಾಗುತ್ತಾರೆ ಅಂತ ನಮ್ಮಂಥವರು ಸುಮ್ನೆ ಅಂದುಕೊಂಡುಬಿಟ್ಟಿರುತ್ತೇವೆ.

ಮತ್ತೆ ಬಂದಾಗ ಬ್ಯಾಗಿನ ಜಿಪ್ ತೆಗೆದು ಕರವಸ್ತ್ರದಲ್ಲಿ ಸುತ್ತಿದ ಬೆಳ್ಳಿ ಕರಡಿಗೆ, ಅಂದರೆ ಕೊರಳಿಗೆ ಕಟ್ಟಿಕೊಳ್ಳುವ ಇಷ್ಟಲಿಂಗದ ಭರಣಿ, ಹೊರತೆಗೆದ. ಶಿವದಾರ ಮಾಸಿ ಕಪ್ಪಾಗಿತ್ತು, ಗಂಟು ಬಿಚ್ಚಿತ್ತು. ನನ್ನ ಮೇಜಿನ ಮೇಲೆ ಇಟ್ಟವನು ಥಟ್ಟನೆ ಎತ್ತಿಕೊಂಡ. "ಇಲ್ಲಿ ಇಡಬಾರದ್ರಿ." ಉಳಿದ ಒಂದು ಗಂಟೆ ಅದನ್ನು ಎಡಗೈಯಲ್ಲೇ ಹಿಡಿದು ಮಾತಾಡಿದ. ಬಿಟ್ಟೆ ಅಂದವನು ದಿನಾ ಅದನ್ನು ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದ. ಆಗ ನನಗೆ ಅರ್ಥ ಆಯಿತು.

ಅದು ಕೊರಳಿಂದ ಇಳಿದದ್ದು ಏಪ್ರಿಲ್‌ನಲ್ಲಿ. ಸಲಿಂಗ ಮದುವೆಯ ಅರ್ಜಿಗಳು ಆಗ ಸುಪ್ರೀಂ ಕೋರ್ಟಿನ ಮುಂದೆ ಇದ್ದವು. ಇದು ನಗರದ ಮೇಲ್ವರ್ಗದವರ ವಿಚಾರ ಅಂತ ಕೇಂದ್ರ ಸರ್ಕಾರ ಲಿಖಿತವಾಗಿ ಹೇಳಿತ್ತು. ಬೇರೆ ಯಾವುದಕ್ಕೂ ಒಂದಾಗದ ಧಾರ್ಮಿಕ ಸಂಘಟನೆಗಳು ಹಲವು ಇದಕ್ಕೆ ಮಾತ್ರ ಒಂದೇ ದನಿಯಲ್ಲಿ ವಿರೋಧ ಹೇಳಿದ್ದವು. ಎರಿ ಹೊಲದಲ್ಲಿ ಕಡಲೆ ಬಿತ್ತುವವರ ಮಗ ಯಾವ ನಗರದ ಮೇಲ್ವರ್ಗ? ಆದರೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕಾಕಾನ ಮಗ ದಿನಾ ಒಂದು ಮೆಸೇಜ್ ಹಾಕುತ್ತಿದ್ದ. ಇಂಥವರು ಮುಟ್ಟಿದರೆ ದೇವರಿಗೂ ಮೈಲಿಗೆ ಅಂತ ಒಂದಿತ್ತು. ಅದಕ್ಕೆ ಇವನ ಸ್ವಂತ ಅಪ್ಪ ಕೈಮುಗಿದ ಚಿತ್ರ ಒತ್ತಿದ್ದರು. ಆ ರಾತ್ರಿ ಇವನು ದಾರ ಬಿಚ್ಚಿದ್ದ.

ಅಕ್ಟೋಬರ್ 17ರ ತೀರ್ಪು ಬಂದ ಮೇಲಂತೂ "ಕೋರ್ಟೇ ತಪ್ಪು ಅಂದೈತಿ" ಅಂತ ಗುಂಪಿನಲ್ಲಿ ಹಬ್ಬ. ತನ್ನನ್ನು ಪೊಲೀಸರು ಹಿಡಿಯಬಹುದು ಅಂತ ಇವನು ನಿಜವಾಗಿ ನಂಬಿದ್ದ. ಅದನ್ನು ಬಿಡಿಸಿ ಹೇಳಬೇಕಾಯಿತು. ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿಗೆ ಬಿಟ್ಟದ್ದು ಅಂತ ಕೋರ್ಟು ಹೇಳಿದೆ, ನಿಜ. ಆದರೆ ಇಬ್ಬರು ವಯಸ್ಕರು ಒಪ್ಪಿ ಕೂಡುವುದು ಅಪರಾಧ ಅಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಹೇಳಿದ್ದು ಹಾಗೇ ಇದೆ. ಅದನ್ನು ಯಾರೂ ಮುಟ್ಟಿಲ್ಲ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ, "ಪೇಪರಿನವರು ಸಲಿಂಗಕಾಮಿ ಅಂತಾರಲ್ರಿ, ಆ ಶಬ್ದದಾಗ ಲಿಂಗನೂ ಐತಿ, ಕಾಮನೂ ಐತಿ. ನಾನು ಎರಡರ ನಡುವ ಸಿಕ್ಕೀನಿ" ಅಂತ ನಕ್ಕ. ನನ್ನ ಕೋಣೆಯಲ್ಲಿ ಅವನು ನಕ್ಕದ್ದು ಅದೇ ಮೊದಲು.

ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವ ದಾಸಿಮಯ್ಯನ ವಚನ ನನ್ನ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಅದು ಆತ್ಮದ ಮಾತು, ಇವನು ಯಾರನ್ನು ಪ್ರೀತಿಸಬೇಕು ಅನ್ನುವ ಮಾತಲ್ಲ. ನಮಗೆ ಬೇಕಾದ ಸಾಲು ಕಿತ್ತು ಎಸೆಯೋದು ಕಾಕಾನ ಮಗ ಮಾಡಿದ್ದೇ ಅಲ್ವಾ? ಅದರ ಬದಲು, ದೀಕ್ಷೆ ಆದಾಗ ಏನು ಕಲಿಸಿದರು ಅಂತ ಕೇಳಿದೆ. ನೆನಪು ಮಾಡಿಕೊಂಡು ಹೇಳಿದ: ಲಿಂಗ ಮೈಬಿಟ್ಟು ಇರಬಾರದು, ಲಿಂಗ ಕಟ್ಟಿದವರಿಗೆ ಪಂಚಸೂತಕ ಇಲ್ಲ. ಯಾವ ಐದು? ಬೆರಳು ಮಡಚಿ ಎಣಿಸಿದ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ.

"ಹಂಗಾದರೆ ನಿನಗೆ ಹತ್ತಿದ ಆರನೇ ಸೂತಕ ಯಾರು ಸೇರಿಸಿದ್ದು?"

"ನಮ್ಮ ಕಾಕಾನ ಮಗಾರೀ."

ಲಿಂಗ ಕಟ್ಟಿಕೋ ಅಂತ ನಾನು ಹೇಳಲಿಲ್ಲ. ಅದು ನನ್ನ ಕೆಲಸ ಅಲ್ಲ. ಊರಿಗೆ ಹೋದಾಗ ಅವನೇ ಮನೆ ಅಯ್ಯನವರ ಹತ್ತಿರ ಹೋಗಿ, ಕೆಲವು ತಿಂಗಳು ಬಿಟ್ಟಿದ್ದೆ, ಪ್ರಾಯಶ್ಚಿತ್ತ ಏನು ಅಂತ ಕೇಳಿದನಂತೆ. ಯಾಕೆ ಬಿಟ್ಟೆ ಅಂತ ಅವರು ಕೇಳಲಿಲ್ಲ. "ಹೊಸ ದಾರ ಹಾಕ್ಕೋ, ಕಟ್ಟಿಕೋ" ಅಂದರಂತೆ. ಇವನಿಗೆ ಬಹಳ ಖುಷಿ, ಅಯ್ಯನವರಿಗೆ ಎಲ್ಲಾ ಹೇಳಿಬಿಡಲೇ ಅಂದ. ಬೇಡ ಅಂದೆ. ಅವರು ದಾರದ ಬಗ್ಗೆ ಹೇಳಿದ್ದಾರೆ, ನಿನ್ನ ಬಗ್ಗೆ ಹೇಳಿಲ್ಲ. ಆ ಒಳ್ಳೆಯ ಮಾತನ್ನು ಅದರಷ್ಟಕ್ಕೇ ಇಟ್ಟುಕೋ. ಊರಲ್ಲಿ ಒಬ್ಬರಿಗೆ ಗೊತ್ತಾದರೆ ಸಂಜೆಯೊಳಗೆ ಕಟ್ಟೆಗೆ ಬರುತ್ತದೆ, ಮರುದಿನ ಯಾವುದೋ ಪಕ್ಷದ ಹುಡುಗರ ಮೊಬೈಲಿಗೆ ಬರುತ್ತದೆ.

ಅವ್ವನಿಗೆ ಡಿಸೆಂಬರ್‌ನಲ್ಲಿ ಹೇಳಿದ. ಅವರೇ ಬಸ್ಸು ಹತ್ತಿ ನನ್ನ ಹತ್ತಿರ ಬಂದರು. "ಎಲ್ಲಮ್ಮ ಬಂದಾಳೇನ್ರಿ ಅಕ್ಕಾರ ಇವನ ಮೈಮ್ಯಾಲೆ? ಭಾರತ ಹುಣ್ಣಿಮಿಗೆ ಸವದತ್ತಿಗೆ ಕರಕೊಂಡು ಹೋಗಲೇನು?" ಕೇಳಿದವರಿಗೆ ಇದು ಮೂಢನಂಬಿಕೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಅವರಿಗೆ ಗೊತ್ತಿದ್ದ ಎಲ್ಲಾ ಜಾಗಗಳಲ್ಲಿ ಮಗನಿಗೆ ಒಂದು ಮರ್ಯಾದೆಯ ಜಾಗ ಹುಡುಕುತ್ತಿದ್ದರು, ಸಿಕ್ಕಿದ್ದು ಅದೊಂದೇ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬದುಕುವ ಜೋಗಪ್ಪಗಳ ಪೈಕಿಯ ಜೋಗತಿ ಮಂಜಮ್ಮನವರಿಗೆ ಪದ್ಮಶ್ರೀ ಬಂದದ್ದನ್ನೂ ಅವರೇ ಹೇಳಿದರು, ಟಿವಿಯಲ್ಲಿ ನೋಡಿದ್ದರಂತೆ. ನಾನು ಹೇಳಿದ್ದು ಇಷ್ಟು: "ಅವ್ವಾರ, ದರ್ಶನಕ್ಕೆ ಹೋಗ್ರಿ, ಬೇಕಾದರೆ ನಾನೂ ಬರುತ್ತೇನೆ. ಆದರೆ ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಆಗುವುದು ಬೇರೆ, ಇದು ಬೇರೆ. ನಿಮ್ಮ ಮಗ ತಾನು ಹೆಣ್ಣು ಅಂತ ಹೇಳುತ್ತಿಲ್ಲ. ಅವನು ಗಂಡಸೇ, ಗಂಡಸರನ್ನೇ ಇಷ್ಟಪಡುತ್ತಾನೆ." ಬಹಳ ಹೊತ್ತು ಸೆರಗಿನ ತುದಿ ತಿರುವುತ್ತಾ ಕೂತರು. ಆಮೇಲೆ ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟರು, ಶೇಂಗಾ ಚಟ್ನಿ ಜೊತೆ.

ದೊಡ್ಡ ಊರಿನ ಡಾಕ್ಟರೊಬ್ಬರು ಇದನ್ನು "ಸರಿ" ಮಾಡುತ್ತಾರೆ ಅಂತ ಯಾರೋ ಬಂಧುಗಳು ಹೇಳಿದ್ದರಂತೆ. ಆ ಮಾತಿಗೆ ಮಾತ್ರ ಖಡಾಖಂಡಿತ ಬೇಡ ಅಂದೆ. ಇದು ರೋಗ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪಟ್ಟಿಯಿಂದ ತೆಗೆದಿದೆ. ಬದಲಾಯಿಸುತ್ತೇನೆ ಅನ್ನುವ ವೈದ್ಯರದ್ದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ನಿದ್ದೆಗೆ, ಬೇಸರಕ್ಕೆ ಔಷಧಿ ಬೇಕಾದರೆ ಇಲ್ಲೇ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.

ಉಳಿದದ್ದು ಮದುವೆ. ಆ ವರ್ಷ ಬರ ಬಿದ್ದಿತ್ತು. "ಪೀಕು ಇಲ್ಲ, ಈ ವರ್ಷ ಕನ್ಯಾ ನೋಡೋದು ಬ್ಯಾಡ" ಅಂತ ಅವ್ವನೇ ಅಪ್ಪನ ಬಾಯಿ ಮುಚ್ಚಿಸಿದ್ದಾರೆ. ಜಾಣತನವೇ. ಆದರೆ ಬರ ಒಂದೇ ವರ್ಷ ಇರುತ್ತದೆ, ಮಳೆ ಬಂದರೆ ಏನು ಹೇಳುತ್ತೀರಿ ಅಂತ ಇಬ್ಬರನ್ನೂ ಕೇಳಿದೆ. ಯಾವುದೋ ಮನೆಯ ಹುಡುಗಿಯನ್ನು ತಂದು ಅವಳ ಬದುಕು ಹಾಳು ಮಾಡಬೇಡಿ, ಇದರಲ್ಲಿ ನಾನು ನಿಮ್ಮ ಕಡೆ ನಿಲ್ಲುವುದಿಲ್ಲ ಅಂತಲೂ ಹೇಳಿದೆ. ಅಪ್ಪನಿಗೆ ಹೇಳುವ ದಿನ ಅವ್ವ ಜೊತೆಗಿರಬೇಕು, ಈರಣ್ಣನ ಹೆಸರಿನ ಖಾತೆಯಲ್ಲಿ ಆರು ತಿಂಗಳ ಬಾಡಿಗೆಯಷ್ಟು ಹಣ ಇರಬೇಕು, ಆಧಾರ್ ಮತ್ತು ಅಂಕಪಟ್ಟಿ ಹುಬ್ಬಳ್ಳಿಯ ಕೋಣೆಯಲ್ಲಿರಬೇಕು. ಗುಂಪಿನಲ್ಲಿ ವಾದ ಮಾಡಬಾರದು. ಬಿಟ್ಟು ಹೊರಗೆ ಬಂದರೆ ಯಾಕೆ ಅಂತ ಕೇಳುತ್ತಾರೆ, ಅದಕ್ಕೇ ಮ್ಯೂಟ್ ಮಾಡಿಟ್ಟುಕೊಳ್ಳಬೇಕು.

ಕಳೆದ ಸಲ ಬಂದಾಗ ಅಂಗಿಯ ಕಾಲರಿನ ಒಳಗೆ ಹೊಸ ಬಿಳಿ ದಾರ ಕಂಡಿತು. ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿದ್ದೆ ಐದು ಗಂಟೆ ಬರುತ್ತಿದೆಯಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಇದ್ದಷ್ಟು ಕಡಲೆ ಒಕ್ಕಿ ಬರುತ್ತೇನೆ ಅಂತ ಹೋಗಿದ್ದಾನೆ.